ಲಗಮವ್ವನ ಕಟ್ಟೆಮನೆಗಳು

ತುಕ್ಕಾನಟ್ಟಿಯಲ್ಲಿ ಲಗಮವ್ವನಿಗೆ ಎರಡು ಹೆಸರಿದ್ದವು. ಎದುರಿಗೆ ಲಗಮವ್ವ, ಬೆನ್ನ ಹಿಂದೆ ಚೌಕಾದ ಲಗಮವ್ವ. ಕೈಗೆ ನಾಲ್ಕು ಕವಡೆ ಕೊಟ್ಟರೆ ನಾಲ್ಕನ್ನೂ ಬಾಯಿ ಮೇಲಾಗಿಯೇ ಬೀಳಿಸುತ್ತಾಳೆ, ಬೇಕೆಂದಾಗ ಚೌಕಾ ತರುತ್ತಾಳೆ ಎಂದು ಊರ ಹೆಂಗಸರ ನಂಬಿಕೆ. ಸುಳ್ಳು ಬಿಡಿ. ಕವಡೆ ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಅವಳೆದುರು ಕೂತು ಸೋತವರು ಹಾಗೆ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದರು, ಅಷ್ಟೆ.

ಅವಳ ತವರು ಮೇಲವಂಕಿ. ಕುರಿ ಕಾಯುವವರ ಮನೆ. ಗಂಡಸರು ಹಿಂಡು ಹೊಡೆದುಕೊಂಡು ದೂರದ ಬಯಲುಗಳಿಗೆ ಹೋದರೆ ತಿಂಗಳುಗಟ್ಟಲೆ ಮನೆಯಲ್ಲಿ ಹೆಂಗಸರದೇ ರಾಜ್ಯ. ಉಣ್ಣೆ ಹಿಂಜುವುದು, ನೂಲುವುದು, ಕೈ ಸೋತಾಗ ಪಡಸಾಲೆಯ ನೆಲದ ಮೇಲೆ ಸುಣ್ಣದ ಗೆರೆ ಎಳೆದು ಚೌಕಾಬಾರಾ ಆಡುವುದು. ಅಜ್ಜಿ ಅವಳಿಗೆ ಅಕ್ಷರ ಕಲಿಸಲಿಲ್ಲ, ಆಟ ಕಲಿಸಿದಳು. ಎದುರಾಳಿಯ ಕಾಯಿ ಸಿಕ್ಕರೆ ಕರುಣೆ ಬೇಡ, ಕಡಿ. ಆದರೆ ಗೀಟು ಹಾಕಿದ ಮನೆಯಲ್ಲಿ ಕೂತ ಕಾಯಿಯನ್ನು ಮಾತ್ರ ಮುಟ್ಟಬೇಡ. ಅದು ಕಟ್ಟೆಮನೆ. ಅಲ್ಲಿ ಕೂತವರನ್ನು ಎಬ್ಬಿಸುವ ಹಕ್ಕು ದೇವರಿಗೂ ಇಲ್ಲ. ಅಜ್ಜಿಯ ಉಳಿದ ಬುದ್ಧಿಮಾತುಗಳನ್ನೆಲ್ಲ ಲಗಮವ್ವ ಮರೆತಳು, ಇದೊಂದನ್ನು ಮರೆಯಲಿಲ್ಲ.

ತುಕ್ಕಾನಟ್ಟಿಯ ಬೀರಸಿದ್ದಪ್ಪನ ಕೈ ಹಿಡಿದು ಈ ಊರಿಗೆ ಬಂದಳು. ಗಂಡ ಒಳ್ಳೆಯವನೇ. ಆದರೆ ವರ್ಷಗಳು ಉರುಳಿದರೂ ಮಡಿಲು ತುಂಬಲಿಲ್ಲ. ಆಗ ಅತ್ತೆ ಅಂಕಲಗಿಯಿಂದ ಶೆಟ್ಟೆವ್ವನನ್ನು ತಂದು ಮಗನಿಗೆ ಎರಡನೆಯ ಮದುವೆ ಮಾಡಿದಳು. ಸವತಿಗೆ ಆರತಿ ಎತ್ತಿದವಳು ಲಗಮವ್ವನೇ. ಒಳಗೆ ಏನಾಗಿತ್ತೋ, ಕೇಳುವ ಧೈರ್ಯ ಯಾರಿಗಿತ್ತು? ವರ್ಷ ತುಂಬುವುದರೊಳಗೆ ಶೆಟ್ಟೆವ್ವ ಭೀಮರಾಯನನ್ನು ಹೆತ್ತಳು. ಹೆತ್ತವಳು ಅವಳು, ಹೊತ್ತು ತಿರುಗಿದವಳು ಇವಳು. ಕೂಸು ಲಗಮವ್ವನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಹೆತ್ತವಳನ್ನು ಅವ್ವ ಎಂದೂ ಇವಳನ್ನು ದೊಡ್ಡವ್ವ ಎಂದೂ ಕರೆಯಲು ಕಲಿಯಿತು.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ ಬೀರಸಿದ್ದಪ್ಪ ಕುರಿಹಟ್ಟಿಯಲ್ಲೇ ಜ್ವರ ಬಂದು ತೀರಿಕೊಂಡ. ಹೆಣ ಅಂಗಳಕ್ಕೆ ಬಂದ ಹೊತ್ತಿಗೆ ಲಗಮವ್ವನ ಬಾಯಿಂದ ಒಂದು ಮಾತು ಜಾರಿತು: “ಎಲ್ಲಾ ನಿನ್ನ ಕಾಲ್ಗುಣ!” ಶೆಟ್ಟೆವ್ವನ ಬಾಯಿಂದ ಒಂದು ಮಾತು: “ಬಂಜಿ!” ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಇಬ್ಬರೂ ಒಂದೊಂದು ಮುತ್ತು ಒಡೆದುಕೊಂಡು ಕೂತರು. ಅಂದಿನಿಂದ ಒಂದೇ ಒಲೆ, ಒಂದೇ ಬಾವಿಹಗ್ಗ, ಒಬ್ಬನೇ ಮಗ. ಮಾತು ಮಾತ್ರ ಇಲ್ಲ.

ಹೇಳಲೇಬೇಕಾದ್ದು ಬಂದರೆ ಕಂಬಕ್ಕೆ ಕಟ್ಟಿದ ಆಡಿಗೆ ಹೇಳುವರು.

“ಏ ಆಡ, ಹಿಟ್ಟು ಮುಗದೈತಿ ಅಂತ ಹೇಳ ಆಕಿಗೆ.”

“ಏ ಆಡ, ನನಗೇನ ಕಣ್ಣಿಲ್ಲೇನ ಅಂತ ಹೇಳ.”

ಆಡು ಮೆಲುಕು ಹಾಕುತ್ತ ಇಬ್ಬರ ಮಾತನ್ನೂ ಕೇಳುತ್ತಿತ್ತು. ಅದು ಮುದಿಯಾಗಿ ಸತ್ತಾಗ ಅದರ ಮರಿ ಆ ಕೆಲಸಕ್ಕೆ ನಿಂತಿತು. ನಗಬೇಡಿ. ದೊಡ್ಡ ದೊಡ್ಡ ಮನೆತನಗಳು ಅಂಥದೊಂದು ಆಡೂ ಇಲ್ಲದೆ ಹಾಳಾಗಿ ಹೋಗಿವೆ.

ಹೀಗೆ ಮುಖ ತಿರುಗಿಸಿಕೊಂಡೇ ಇಬ್ಬರೂ ನೂತರು, ಕಂಬಳಿ ಮಾಡಿಸಿ ಹುಕ್ಕೇರಿ, ಮೂಡಲಗಿಯ ಸಂತೆಗೆ ಕಳಿಸಿದರು, ಮಗನನ್ನು ಓದಿಸಿದರು. ಭೀಮರಾಯ ಗೋಕಾಕದಲ್ಲಿ ಹೈಸ್ಕೂಲು, ಧಾರವಾಡದಲ್ಲಿ ಕಾಲೇಜು ಮುಗಿಸಿ ಸಂಶೋಧನೆಗೆಂದು ಮುಂಬೈ ಸೇರಿದ. ಅರವತ್ತಮೂರರ ಬೇಸಿಗೆಯಲ್ಲಿ ಅವನ ಕಣ್ಣಿಗೆ ಕುತ್ತು ಬಂತು. ಮಿರಜಿನಲ್ಲಿ ಆಪರೇಷನ್ ಆಯಿತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ಮುಂಗಾರು ಹಿಡಿಯುವವರೆಗೆ ಬಿಚ್ಚಬಾರದು, ಬಗ್ಗಬಾರದು, ಅಳಲೂಬಾರದು ಎಂದು ಹೇಳಿ ಕಳಿಸಿದರು. ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದವನನ್ನು ತಾಯಂದಿರಿಬ್ಬರೂ ಒಂದೊಂದು ಕೈ ಹಿಡಿದು ಚಕ್ಕಡಿ ಹತ್ತಿಸಿದರು. ದಾರಿಯುದ್ದಕ್ಕೂ ಇಬ್ಬರೂ ಅವನೊಡನೆ ಮಾತಾಡಿದರು, ಒಬ್ಬಳು ಮುಗಿಸಿದ ಮೇಲೆ ಇನ್ನೊಬ್ಬಳು.

ಆದರೆ ಹುಡುಗನ ಸಂಕಟ ಕಣ್ಣಿನದಾಗಿರಲಿಲ್ಲ. ಲಗಮವ್ವ ಬಿಡದೆ ಕೇಳಿದ್ದಕ್ಕೆ ಬಾಯಿಬಿಟ್ಟ.

“ದೊಡ್ಡವ್ವಾ, ಎರಡು ಲೋಹ ಕೂಡ್ಸಿ ಕಾಸಿದ್ರ ಒಂದರಾಗೊಂದು ಬೆರೀತಾವ. ಆರಿಸಿದ್ರ ತಮ್ಮ ತಮ್ಮ ಗುಂಪು ಕಟ್ಟತಾವ. ನಡುವ ಒಂದಿಷ್ಟು ಬಿಸಿ ಐತಿ, ಅಲ್ಲೆ ಎರಡೂ ಗುಂಪು ಬಾಜೂಕ ಬಾಜೂ ಇರ್ತಾವ. ಇದರಾಗ ಅದು ಒಂದೀಟು, ಅದರಾಗ ಇದು ಒಂದೀಟು. ಯಾವ ಬಿಸಿಗೆ ಹೆಂಗ ಇರ್ತಾವ ಅನ್ನೂದನ್ನ ಕಾಸದನ ಹೇಳಬೇಕು ನಾನು.”

“ಕಾಸಿ ನೋಡಿದ್ರ ಮುಗೀತಲ್ಲೋ ಹುಚ್ಚಪ್ಪಾ!”

“ಕೆಲವು ಲೋಹ ಕರಗಸೂವಂಥಾ ಭಟ್ಟಿನ ಇಲ್ಲ ನಮ್ಮ ಕಡೆ. ಅದಕ್ಕ ಆಟ ಆಡಿ ನೋಡೂದು. ಕಾಳು ಇಟ್ಟು, ಕವಡಿ ಒಗದು.”

ಮುಂಬೈಯಲ್ಲಿ ಕೋಣೆ ತುಂಬ ಹರಡಿಕೊಂಡ ಒಂದು ಗಣಕಯಂತ್ರವಿತ್ತು. ಈ ಆಟವನ್ನು ಅದು ಮಿಂಚಿನಂತೆ ಆಡಬಲ್ಲದು. ಆದರೆ ಅದರ ಮುಂದೆ ಪಾಳಿ ಹಚ್ಚಿ ನಿಂತವರು ಬಹಳ ಮಂದಿ. ಭೀಮರಾಯನ ಗುರುಗಳು ಕಡ್ಡಿ ಮುರಿದ ಹಾಗೆ ಹೇಳಿದ್ದರು: ಮೊದಲು ಮನೆಗಳ ಗೆರೆ ಎಳೆದ ಸಣ್ಣ ಹಾಸಿನಲ್ಲಿ ಕೈಯಿಂದಲೇ ಆಡಿ ತೋರಿಸು. ಒಂದು ಹಾಸನ್ನು ಎರಡು ಲೋಹಗಳ ಎರಡು ಬಣ್ಣದ ಕಾಳು ಬೇರೆ ಬೇರೆಯಾಗಿದ್ದಾಗಿನಿಂದ ಶುರು ಮಾಡು, ಇನ್ನೊಂದನ್ನು ಪೂರಾ ಬೆರೆತಿದ್ದಾಗಿನಿಂದ. ಎರಡೂ ಕೊನೆಗೆ ಒಂದೇ ರೂಪಕ್ಕೆ ಬಂದು ನಿಂತರೆ ನಿನ್ನ ಲೆಕ್ಕ ಸರಿ. ಜೂನ್ ಮೊದಲ ವಾರದೊಳಗೆ, ಎಂದರೆ ನಮ್ಮ ಕಾರಹುಣ್ಣಿಮೆಯ ಹೊತ್ತಿಗೆ, ತಿಳಿಸಿದರೆ ಯಂತ್ರದ ಪಾಳಿ ನಿನಗೆ. ಇಲ್ಲವಾದರೆ ಬೇರೆಯವರಿಗೆ. ಈಗ ನೋಡಿದರೆ ಕಣ್ಣೇ ಇಲ್ಲ.

“ಕವಡಿ ಆಟಾನ?” ಲಗಮವ್ವ ಎದೆ ಸೆಟೆಸಿದಳು. “ಅಷ್ಟಕ್ಕ ಮುಖ ಸಣ್ಣದು ಮಾಡ್ಕೊಂಡು ಕುಂತೀಯೇನ? ನಾ ಸತ್ತೇನೇನ?”

ಒಲೆಯ ಹತ್ತಿರದಿಂದ ಇನ್ನೊಂದು ದನಿ ಬಂತು. “ಏ ಆಡ, ಎರಡ್ನೇ ಹಾಸು ನಾ ಆಡ್ತೀನಂತ ಹೇಳ.”

ಪಡಸಾಲೆಯ ಬೆಳಕಿಂಡಿಯ ಕೆಳಗೆ ಭೀಮರಾಯನ ಕಂಬಳಿ. ಅವನ ಬಲಕ್ಕೆ ಲಗಮವ್ವನ ಹಾಸು, ಎಡಕ್ಕೆ ಶೆಟ್ಟೆವ್ವನದು. ಕರಿಯದಕ್ಕೆ ಹುಣಸೆಬೀಜ, ಬಿಳಿಯದಕ್ಕೆ ಅಲಸಂದಿ. ಲಗಮವ್ವ ಕರಿಯದನ್ನೆಲ್ಲ ಒಂದು ಕಡೆ, ಬಿಳಿಯದನ್ನೆಲ್ಲ ಇನ್ನೊಂದು ಕಡೆ ಇಟ್ಟಳು. ಶೆಟ್ಟೆವ್ವ ಮೊರದಲ್ಲಿ ಬೆರೆಸಿ ಸಿಕ್ಕ ಸಿಕ್ಕ ಹಾಗೆ ಮನೆ ತುಂಬಿದಳು. ಭೀಮರಾಯ ಉಣ್ಣೆದಾರದ ತುಂಡುಗಳಿಗೆ ಗಂಟು ಹಾಕಿಸಿ ಒಂದು ಗಡಿಗೆಯಲ್ಲಿ ಇಟ್ಟುಕೊಂಡಿದ್ದ. ಕೈಗೆ ಬಂದ ಎರಡು ದಾರ ತೆಗೆದು, ಬೆರಳಿನಿಂದ ಗಂಟು ಎಣಿಸಿ ಕೂಗುವನು: “ಅಡ್ಡ ನಾಕು, ಉದ್ದ ಏಳು.” ಇಬ್ಬರೂ ತಮ್ಮ ತಮ್ಮ ಹಾಸಿನಲ್ಲಿ ಆ ಮನೆ ಹುಡುಕಬೇಕು. ಅಲ್ಲಿಯ ಕಾಳನ್ನು ಬಾಜೂ ಮನೆಯ ಕಾಳಿನೊಡನೆ ಅದಲುಬದಲು ಮಾಡಿದರೆ ಸುತ್ತಲೂ ತನ್ನ ಬಣ್ಣದವರು ಹೆಚ್ಚು ಸಿಗುತ್ತಾರೆಯೇ? ಸುಮ್ಮನೆ ಬದಲಿಸು. ಕಡಿಮೆ ಸಿಗುತ್ತಾರೆಯೇ? ಹಾಗಾದರೆ ಕವಡೆ ಒಗೆ. ಚೌಕಾ ಬಿದ್ದರೆ ಬದಲಿಸು, ಬೀಳದಿದ್ದರೆ ಇದ್ದಲ್ಲೇ ಬಿಡು.

“ಆ ಚೌಕಾನ ಬಿಸಿ, ದೊಡ್ಡವ್ವಾ,” ಎಂದ ಭೀಮರಾಯ. “ಬಿಸಿ ಇಲ್ಲಂದ್ರ ಯಾವ ಕಾಳೂ ತನ್ನ ಗುಂಪು ಬಿಟ್ಟು ಹೊರಗ ಹೆಜ್ಜಿ ಇಡಂಗಿಲ್ಲ.”

ಲಗಮವ್ವ ತನ್ನ ಹಾಸು ಬರೆಯುವಾಗ ಕೈ ತಾನಾಗಿಯೇ ಕಟ್ಟೆಮನೆಗಳ ಗೀಟು ಎಳೆದಿತ್ತು. ಕಟ್ಟೆಮನೆ ಇಲ್ಲದ ಹಾಸು ಎಲ್ಲಾದರೂ ಉಂಟೇ? ಅದನ್ನೂ ಎಲ್ಲಿ ಎಳೆದಳು ಅಂತೀರಿ? ಕರಿಯದೂ ಬಿಳಿಯದೂ ಕೂಡುವ ನಟ್ಟನಡುವೆ, ಎರಡೂ ಕಡೆಯ ಸಾಲಿನ ಉದ್ದಕ್ಕೂ. ಜಗಳವಾಗುವುದು ಅಲ್ಲೇ, ಆಸರೆಯೂ ಅಲ್ಲೇ ಇರಬೇಕು. ಇದು ಅಜ್ಜಿಯ ನ್ಯಾಯ. ಭೀಮರಾಯ ಆ ಮನೆಗಳ ಲೆಕ್ಕ ಕೂಗಿದಾಗಲೆಲ್ಲ ಲಗಮವ್ವ ಕೈಕಟ್ಟಿ ಕೂರುವಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವನಿಗೆ ಇದು ಕಾಣುವುದಾದರೂ ಹೇಗೆ?

ಶೆಟ್ಟೆವ್ವನಿಗೆ ಕಂಡಿತು. ಮಗ ಉಂಡು ನಿದ್ದೆ ಹೋಗಿದ್ದ ಹೊತ್ತು ನೋಡಿ ಕೇಳಿದಳು. “ಏ ಆಡ, ಗೀಟಿನ ಮ್ಯಾಲಿನ ಕಾಳೂ ಸರಸಬೇಕೇನೋ ಅಂತ ಕೇಳ.”

“ಏ ಆಡ, ಕವಡಿ ಆಟ ನನಗ ಕಲಸಾಕ ಬರಬ್ಯಾಡಂತ ಹೇಳ!”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಶೆಟ್ಟೆವ್ವ ಮತ್ತೆ ಉಸುರೆತ್ತಲಿಲ್ಲ. ತಾನೇ ತಪ್ಪು ತಿಳಿದಿರಬಹುದು ಎಂದುಕೊಂಡಳು. ಮಗನ ಕಿವಿಗೆ ಹಾಕಿದರೆ ಅದು ಚಾಡಿಯಾದೀತು ಎಂದೂ ಅಂದುಕೊಂಡಳು.

ಆ ಬೇಸಿಗೆಯ ಮಧ್ಯಾಹ್ನಗಳನ್ನು ಲಗಮವ್ವ ಸಾಯುವವರೆಗೂ ಮರೆಯಲಿಲ್ಲ. ಹೊರಗೆ ಬಿಸಿಲಿಗೆ ನಾಯಿ ಕೂಡ ಬೊಗಳುತ್ತಿರಲಿಲ್ಲ. ಬೆಳಕಿಂಡಿಯಿಂದ ಇಳಿದ ಬೆಳಕು ಮೆಲ್ಲಗೆ ಒಬ್ಬಳ ಹಾಸಿನಿಂದ ಇನ್ನೊಬ್ಬಳ ಹಾಸಿಗೆ ಸರಿಯುತ್ತಿತ್ತು, ಅದರೊಳಗೆ ಉಣ್ಣೆಯ ಎಳೆಗಳು ಮೇಲೂ ಇಲ್ಲ ಕೆಳಗೂ ಇಲ್ಲ ಎಂಬಂತೆ ತೇಲುತ್ತಿದ್ದವು. ಅಡ್ಡ ಎರಡು, ಉದ್ದ ಒಂಬತ್ತು. ಕವಡೆಯ ಸದ್ದು ಬಲಕ್ಕೆ. ಕವಡೆಯ ಸದ್ದು ಎಡಕ್ಕೆ. ಮತ್ತೆ ಮೌನ. ಭೀಮರಾಯನ ದನಿ ಕೇಳುತ್ತ ಕೇಳುತ್ತ ಅವಳಿಗೆ ಎಚ್ಚರವೋ ನಿದ್ದೆಯೋ ತಿಳಿಯದಂಥ ಮಂಪರು ಕವಿಯುವುದು. ಆಗ ಕಾಳುಗಳೆಲ್ಲ ಕುರಿಗಳಾಗಿ ಮೇಲವಂಕಿಯ ದಿನ್ನೆಯ ಮೇಲೆ ಹರಡಿಕೊಳ್ಳುವವು. ಕರಿಕುರಿ, ಬಿಳಿಕುರಿ. ಅಪ್ಪ ಬೀಸಿದ ಕಂಬಳಿಯ ಗಾಳಿ. ಎಲ್ಲಿಂದಲೋ ಬೀರಸಿದ್ದಪ್ಪ ಸಿಳ್ಳು ಹಾಕಿದಂತೆ. ಹಿಂಡಿನ ನಡುವೆ ಒಬ್ಬ ಹೆಂಗಸು ಕೊಡ ಹೊತ್ತು ಬರುತ್ತಿದ್ದಾಳೆ, ಮುಖ ಕಾಣದು, ನಡಿಗೆ ಮಾತ್ರ ಗುರುತಿನದು. ಯಾರವ್ವಾ ನೀನು ಎಂದು ಕೇಳಬೇಕೆನ್ನುವಷ್ಟರಲ್ಲಿ “ದೊಡ್ಡವ್ವಾ, ಒಗದಿ?” ಎಂಬ ದನಿ. ಬೆಚ್ಚಿ ಕಣ್ಣು ಬಿಟ್ಟರೆ ಕೈಯಲ್ಲಿ ಕವಡೆ ಬೆಚ್ಚಗಿವೆ, ಎದುರಿಗೆ ಶೆಟ್ಟೆವ್ವ ಸೆರಗಿನಿಂದ ಮಗನಿಗೆ ಗಾಳಿ ಹಾಕುತ್ತಿದ್ದಾಳೆ. ಆ ಗಾಳಿ ತನಗೂ ತಾಗುತ್ತಿದೆ ಎಂದು ಲಗಮವ್ವನಿಗೆ ಗೊತ್ತಾಗುತ್ತಿತ್ತು. ಗೊತ್ತಾಗದವಳಂತೆ ಕೂರುತ್ತಿದ್ದಳು.

ಸಂಜೆಗೊಮ್ಮೆ, ಕರಿಯದೂ ಬಿಳಿಯದೂ ಮೈಗೆ ಮೈ ತಾಗಿಸಿಕೊಂಡ ಕಡೆಗಳನ್ನು ಇಬ್ಬರೂ ಎಣಿಸಿ ಭೀಮರಾಯನಿಗೆ ಹೇಳುವುದಿತ್ತು. ಮೊದಮೊದಲು ಅವನು ಕೇಳಿ ನಗುತ್ತಿದ್ದ. ಬರಬರುತ್ತ ನಗು ಹೋಯಿತು. ಶೆಟ್ಟೆವ್ವನ ಹಾಸಿನಲ್ಲಿ ಕಲಸಿಹೋಗಿದ್ದ ಕಾಳುಗಳು ನಿಧಾನವಾಗಿ ಎರಡು ಗುಂಪಾಗಿದ್ದವು. ಆದರೂ ಕರಿಯರೊಳಗೆ ಬಿಳಿಯದು ನಾಲ್ಕಾರು, ಬಿಳಿಯರೊಳಗೆ ಕರಿಯದು ನಾಲ್ಕಾರು ಓಡಾಡಿಕೊಂಡಿದ್ದವು. ಲಗಮವ್ವನದು ಮೊದಲ ದಿನ ಇಟ್ಟ ಹಾಗೆಯೇ, ನಡುವೆ ಗೋಡೆ ಕಟ್ಟಿದಂತೆ ಎರಡು ಹೋಳು. ಇತ್ತಲಿಂದ ಅತ್ತ ಒಂದೇ ಒಂದು ಕಾಳು ದಾಟಿರಲಿಲ್ಲ.

ಕಾರಹುಣ್ಣಿಮೆ ಹತ್ತಿರ ಬಂತು. ಒಂದು ಸಂಜೆ ಭೀಮರಾಯ ಗಂಟಿನ ಗಡಿಗೆಯನ್ನು ದೂರ ತಳ್ಳಿದ.

“ನನ್ನ ಲೆಕ್ಕಾನ ಖೊಟ್ಟಿ, ದೊಡ್ಡವ್ವಾ. ಎರಡೂ ಹಾಸು ಒಂದಕ್ಕೊಂದು ಕೂಡವೊಲ್ಲವು. ನಾಳೆ ಸಾಲಿ ಮಾಸ್ತರನ್ನ ಕರೀ. ನನಗ ಪಾಳಿ ಬ್ಯಾಡಂತ ಮುಂಬೈಗೆ ಒಂದು ಕಾರ್ಡು ಬರಸ್ತೀನಿ.”

ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಲಗಮವ್ವ ಒಪ್ಪಲಿಲ್ಲ. ತಾನು ಎತ್ತಿ ಆಡಿಸಿದ ಹುಡುಗನ ಲೆಕ್ಕ ಸುಳ್ಳಾಗುವುದುಂಟೇ? ಇದು ಆ ಸವತಿಯದೇ ಕಿತಾಪತಿ. ಕವಡೆ ಹಿಡಿಯಲು ಬಾರದವಳನ್ನು ಹಾಸಿಗೆ ಕೂರಿಸಿದರೆ ಇನ್ನೇನಾದೀತು?

ಮರುದಿನ ಶೆಟ್ಟೆವ್ವ ನೀರಿಗೆ ಹೋದದ್ದೇ ತಡ, ಲಗಮವ್ವ ಅವಳ ಹಾಸಿನ ಮೇಲೆ ಬಗ್ಗಿದಳು. ಮನೆ ಮನೆ ಹುಡುಕಿದಳು. ಒಂದಾದರೂ ಗೀಟು? ಇಲ್ಲ. ಆಹಾ, ಸಿಕ್ಕಳು ಕಳ್ಳಿ!

“ಭೀಮ್ಯಾ, ಏಳ! ನಿನ್ನ ಲೆಕ್ಕಕ್ಕ ಏನೂ ಆಗಿಲ್ಲ. ಒಂದು ಹಾಸಿನ್ಯಾಗ ಕಟ್ಟಿಮನಿ ಅದಾವು, ಒಂದರಾಗ ಇಲ್ಲ. ಹಂಗಾದ್ರ ಕೂಡೂದ ಹೆಂಗ?”

ಭೀಮರಾಯ ದಡಕ್ಕನೆ ಎದ್ದು ಕೂತ. “ಕಟ್ಟಿಮನಿ? ಇದರಾಗ ಎಲ್ಲೀ ಕಟ್ಟಿಮನಿ? ಲೋಹದಾಗ ಅಂಥಾ ಜಾಗಾನ ಇಲ್ಲ. ಎಲ್ಲಾ ಕಾಳೂ ಅಲಗಾಡಬೇಕು, ಒಂದನ್ನೂ ಹಿಡದಿಡಬಾರದು. ಅಯ್ಯೋ, ಇಷ್ಟು ದಿನದ್ದು ಎಲ್ಲಾ ನೀರಾಗ ಹೋಮ ಆತಲ್ಲ! ಯಾರ ಹಾಸಿನ್ಯಾಗ ಅದಾವು?”

ಅವನ ದನಿಯಲ್ಲಿ ಲಗಮವ್ವ ಎಂದೂ ಕೇಳಿರದ ಸಿಟ್ಟಿತ್ತು. ಹೇಳಬೇಕು, ಬಾಯಿ ಬರುತ್ತಿಲ್ಲ. ಹೆರದೆ ತಾಯಿಯಾದವಳಿಗೆ ಆ ಮಗನ ಕಣ್ಣಲ್ಲಿ ಸಣ್ಣವಳಾಗುವುದಕ್ಕಿಂತ ಸಾವೇ ಸಲೀಸು. ಅವನ ಕಣ್ಣು ಕಟ್ಟಿದ್ದರೇನು?

“ಯಾರ ಹಾಸಿನ್ಯಾಗ?”

“ನನ್ನ ಹಾಸಿನ್ಯಾಗ.”

ಹೇಳಿದವಳು ಶೆಟ್ಟೆವ್ವ. ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತಿದ್ದಳು.

“ನಿನ್ನ ಹಾಸಿನ್ಯಾಗ? ಏನ್ ಅವ್ವಾ ನೀ, ಒಂದು ಮಾತು ಕೇಳಬಾರದಿತ್ತೇನ ನನ್ನ?” ಭೀಮರಾಯ ಹಣೆ ಹಿಡಿದುಕೊಂಡ. “ಹೋಗ್ಲಿ ಬಿಡು. ಹಂಗಾರ ದೊಡ್ಡವ್ವಂದು ಖರೆ. ನಿಂದು ಅಳಿಸಿಬಿಡು.”

ಶೆಟ್ಟೆವ್ವ ಕೊಡ ಇಳಿಸಿದಳು. ತನ್ನ ಹಾಸಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕಾಳು ಬಳಿಯಲು ಕೈ ಚಾಚಿದಳು.

ಸುಮ್ಮನಿದ್ದರೆ ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ದೊಡ್ಡವ್ವ ದೊಡ್ಡವ್ವನಾಗಿಯೇ ಉಳಿಯುತ್ತಿದ್ದಳು. ಸರಿಯಾದ ಹಾಸು ಅಳಿಸಿಹೋಗಿ, ಹುಡುಗ ಸುಳ್ಳನ್ನೇ ಖರೆ ಎಂದು ಮುಂಬೈಗೆ ಕಳಿಸುತ್ತಿದ್ದ.

“ಶೆಟ್ಟೆವ್ವಾ! ಕೈ ತಗಿ!”

ಕಂಬದ ಆಡು ಕೂಡ ತಲೆ ಎತ್ತಿತು. ಅದರ ಜನ್ಮದಲ್ಲಿ ಅದು ಈ ಮನೆಯಲ್ಲಿ ಆ ಹೆಸರು ಕೇಳಿರಲಿಲ್ಲ.

“ಸುಳ್ಳ ಯಾಕ ಹೇಳ್ತಿ? ಭೀಮ್ಯಾ, ಕಟ್ಟಿ ನನ್ನ ಹಾಸಿನ್ಯಾಗ ಅದಾವು. ನಾ ಬರದೇನಿ. ನಾ ಹಿಡದಿಟ್ಟೇನಿ. ಆಕಿ ಅವತ್ತ ಹೇಳಿದ್ಲು, ಈ ಹಾಳು ತಲಿ ಕೇಳಲಿಲ್ಲ.”

ಶೆಟ್ಟೆವ್ವ ಚಾಚಿದ ಕೈಯನ್ನು ಹಾಗೆಯೇ ಮಡಿಲಿಗೆ ತಂದುಕೊಂಡಳು. ಆಡಿನ ಕಡೆ ತಿರುಗಲಿಲ್ಲ, ನೇರ ಲಗಮವ್ವನ ಮುಖ ನೋಡಿದಳು.

“ನನ್ನ ಮ್ಯಾಲ ಸಿಟ್ಟಾದ್ರ ಅಂವ ಸಂಜೀಕ ಮರೀತಾನ, ಅಕ್ಕಾ. ನಿನ್ನ ಮ್ಯಾಲ ಸಿಟ್ಟಾದ್ರ ನೀ ಅನ್ನಾ ಬಿಡ್ತಿ.”

ಲಗಮವ್ವ ಅವಳ ಎದುರಿಗೆ ಬಂದು ಕೂತಳು. “ಅವತ್ತೂ ನಾನ ಮೊದಲ ಅಂದಾಕಿ. ಹೆಣದ ಮುಂದ ನಿಂತು. ನಾನ ಕೆಟ್ಟಾಕಿ.”

“ನಾ ಅಂದದ್ದು ಅದಕ್ಕಿಂತ ಕೆಟ್ಟದ್ದು,” ಎಂದಳು ಶೆಟ್ಟೆವ್ವ. ಇಬ್ಬರೂ ಅತ್ತರು. ನಡುವೆ ಕೂತವನ ಕಣ್ಣಿನ ಪಟ್ಟಿಯೂ ಒದ್ದೆಯಾಗತೊಡಗಿದ್ದು ಕಂಡು, “ಅಳಬಾರದು ಅಂದಾರಲ್ಲೋ!” ಎಂದು ಇಬ್ಬರೂ ಒಂದೇ ಉಸಿರಿಗೆ ಬೈದರು. ಅಷ್ಟು ವರ್ಷಗಳಲ್ಲಿ ಇಬ್ಬರ ದನಿ ಕೂಡಿದ್ದು ಅದೇ ಮೊದಲು.

ಸ್ವಲ್ಪ ಹೊತ್ತಿನ ಮೇಲೆ ಲಗಮವ್ವ ಮೂಗೊರೆಸಿಕೊಂಡು ಕೇಳಿದಳು. “ಈಗೇನ, ಮತ್ತ ಮೊದಲಿಂದ ಆಡಬೇಕೇನ? ಅಷ್ಟು ದಿನ ಎಲ್ಲಿ ಉಳದಾವೋ?”

“ಮೊದಲಿಂದ ಬ್ಯಾಡ,” ಎಂದ ಭೀಮರಾಯ. “ಹಿಂದಿನ ಎಣಿಕಿ ಬಿಟ್ಟುಬಿಡ್ರಿ. ಗೀಟು ಅಳಸ್ರಿ, ಇದ್ದಲ್ಲಿಂದನ ನಡೀರಿ. ಹೆಂಗ ಸುರು ಆಗಿತ್ತು ಅನ್ನೂದನ್ನ ಹಾಸು ಮರೀತೈತಿ.”

“ಎಲ್ಲಾ ಮರೀತೈತೇನ?”

“ಬಿಟ್ರ ಮರೀತೈತಿ. ಹಿಡದಿಟ್ರ ಇಲ್ಲ.”

ಶೆಟ್ಟೆವ್ವ ಒದ್ದೆ ಅರಿವೆ ತಂದಳು. ಗೀಟುಗಳ ಸಾಲನ್ನು ಆ ತುದಿಯಿಂದ ಅವಳು, ಈ ತುದಿಯಿಂದ ಇವಳು, ಕಾಳು ಎತ್ತಿ ಎತ್ತಿ ಒರೆಸಿದರು. ಆಮೇಲೆ ಕೂತರು ನೋಡಿ! ಬೆಳಗಾದರೆ ಕವಡೆ, ಉಂಡರೆ ಕವಡೆ. ಮೊದಲ ಬಿಳಿ ಕಾಳು ಚೌಕಾದ ಮೇಲೆ ಕರಿಯರೊಳಗೆ ದಾಟಿದಾಗ ಲಗಮವ್ವ ಹಾಸಿನ ಮೇಲೆ ಬಗ್ಗಿ ನೋಡಿದಳು. ಮರುದಿನ ಇನ್ನೊಂದಿಷ್ಟು. ನಡುವಿನ ಗೋಡೆ ಅಂಕುಡೊಂಕಾಯಿತು, ಅಲ್ಲಲ್ಲಿ ಬಾಗಿತು. ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುವ ಹೊತ್ತಿಗೆ ಎರಡೂ ಹಾಸಿನ ಎಣಿಕೆ ಹತ್ತಿರ ಹತ್ತಿರ ಬಂದು, ಹೆಚ್ಚುಕಡಿಮೆ ಒಂದೇ ಕಡೆ ನಿಂತಿತು. ಶಾಲೆಯ ಮಾಸ್ತರು ಬಂದು ಕಾರ್ಡು ಬರೆದರು. ಪಾಳಿ ಬೇಕು ಎಂದೇ ಬರೆದರು.

ದಸರೆಗೆ ಭೀಮರಾಯ ದಪ್ಪ ಕನ್ನಡಕ ಹಾಕಿಕೊಂಡು ಊರಿಗೆ ಬಂದ. ಪಡಸಾಲೆಯಲ್ಲಿ ತಾಯಂದಿರಿಬ್ಬರೂ ಎದುರುಬದುರು ಕೂತು ಉಣ್ಣೆ ನೂಲುತ್ತಿದ್ದರು.

“ಯಂತ್ರದ ಮ್ಯಾಲ ನನ್ನ ಪಾಳಿ ಆತು,” ಎಂದ. “ನೀವು ಆಡಿದ್ದನ್ನ ಅದೂ ಆಡಿತು. ನಿಮ್ಮ ಉತ್ತರಾನ ಬಂತು. ನೀವು ಇಡೀ ಬ್ಯಾಸಗಿ ಮಾಡಿದ್ದನ್ನ ಅದು ಒಂದು ತಾಸಿನೊಳಗ ಮಾಡಿ ಒಗೀತು ನೋಡ್ರಿ!”

ಹುಡುಗ ಹೆಮ್ಮೆಯಿಂದ ಹೇಳಿದ್ದ. ಶೆಟ್ಟೆವ್ವನ ಮುಖ ಬಾಡಿತು.

“ಒಂದ ತಾಸ? ಹಂಗಾರ ಅಷ್ಟು ದಿನ ನಾವು ಸುಮ್ಮನ ಕುಂತಿದ್ದ ಆತಲ್ಲ, ಅಕ್ಕಾ.”

ಲಗಮವ್ವನ ಕೈಯಲ್ಲಿ ಎಳೆ ಕಡಿದಿತ್ತು. ಅದನ್ನು ಹೊಸೆದು ಕೂಡಿಸುತ್ತ, ತಲೆ ಎತ್ತದೆ ಹೇಳಿದಳು.

“ಒಂದ ತಾಸಿನ್ಯಾಗ ಮುಗದಿದ್ರ ನಾ ನಿನ್ನ ಮಾತಾಡಸ್ತಿದ್ನೇನ, ಶೆಟ್ಟೆವ್ವಾ?”